ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಕ್ಷಯರೋಗ ಚಿಕಿತ್ಸೆ

ಮೈಸೂರು ಸಂಸ್ಥಾನದ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರವರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ಇದಕ್ಕೆ ಎರಡು ವರ್ಷ ಮೊದಲು, 1882ರಲ್ಲಿ, ಜರ್ಮನಿಯ ರಾಬರ್ಟ್ ಕಾಕ್ ಅವರು ಕ್ಷಯರೋಗಕ್ಕೆ ಕಾರಣವಾದ ರೋಗಾಣುವನ್ನು ಗುರುತಿಸಿದ್ದರು. ಆದರೆ ಆ ರೋಗಾಣುವನ್ನು ಕೊಲ್ಲುವ ಔಷಧವು ಒಡೆಯರವರ ಜೀವಿತಾವಧಿಯಲ್ಲಿ ದೊರೆಯಲಿಲ್ಲ.

ತಂದೆ ಚಾಮರಾಜೇಂದ್ರ ಒಡೆಯರವರು 1894ರಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿ ರೋಗದಿಂದ ನಿಧನರಾದಾಗ ನಾಲ್ವಡಿಯವರಿಗೆ ಹತ್ತು ವರ್ಷ ವಯಸ್ಸು. ತಾಯಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ಹೀಗೆ ಸಾಂಕ್ರಾಮಿಕ ರೋಗಗಳ ಹಾವಳಿಯನ್ನು ಬಾಲ್ಯದಲ್ಲಿಯೇ ಕಂಡ ನಾಲ್ವಡಿಯವರು 1902ರಲ್ಲಿ ಪೂರ್ಣ ಅಧಿಕಾರ ವಹಿಸಿಕೊಂಡರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹಾಗೂ 1924ರಲ್ಲಿ ವೈದ್ಯಕೀಯ ಕಾಲೇಜು ಇವರ ಆಳ್ವಿಕೆಯಲ್ಲಿ ಸ್ಥಾಪನೆಗೊಂಡವು.

ಕ್ಷಯವು ಅರಮನೆಯನ್ನೂ ಬಿಡಲಿಲ್ಲ. ಒಡೆಯರವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಹಾಗೂ ಅವರ ಹೆಣ್ಣುಮಕ್ಕಳು ಈ ರೋಗಕ್ಕೆ ಬಲಿಯಾದರು. ರಾಜವೈಭವವಾಗಲಿ, ವೈದ್ಯರ ಆರೈಕೆಯಾಗಲಿ ಅವರನ್ನು ಉಳಿಸಲಿಲ್ಲ. ಸಹೋದರಿಯ ಸ್ಮರಣಾರ್ಥ ಒಡೆಯರವರು ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿ ಕ್ಷಯರೋಗ ಆಸ್ಪತ್ರೆಯನ್ನು ಕಟ್ಟಿಸಿದರು. 1921ರಲ್ಲಿ ಆರಂಭಗೊಂಡ ಈ ಆಸ್ಪತ್ರೆಯು ಪಿ.ಕೆ. ಸ್ಯಾನಿಟೋರಿಯಂ ಎಂದು ಹೆಸರಾಗಿದೆ. ಅಂದು ರೋಗಿಗಳಿಗೆ ನೀಡಬಹುದಾಗಿದ್ದುದು ಮುಖ್ಯವಾಗಿ ಶುದ್ಧ ಗಾಳಿ, ವಿಶ್ರಾಂತಿ ಮತ್ತು ಪುಷ್ಟಿಕರ ಆಹಾರ.

ಒಡೆಯರವರು 1940ರ ಆಗಸ್ಟ್ 3ರಂದು ನಿಧನರಾದರು. ಮೂರು ವರ್ಷಗಳ ನಂತರ, 1943ರಲ್ಲಿ, ಕ್ಷಯಕ್ಕೆ ಪರಿಣಾಮಕಾರಿಯಾದ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಗಿ, ರೋಗಿಯ ಊರಿನ ಸಮೀಪದಲ್ಲಿಯೇ ಪತ್ತೆ ಹಾಗೂ ಚಿಕಿತ್ಸೆ ನಡೆಸುವ ಪದ್ಧತಿಯನ್ನು ರೂಪಿಸಿತು.

ಒಡೆಯರವರ ಕಾಲದಲ್ಲಿ ಅಂಕೋಲಾ ಮತ್ತು ಕಾರವಾರ ಪ್ರದೇಶಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1956ರಲ್ಲಿ ಮೈಸೂರು ರಾಜ್ಯದೊಂದಿಗೆ ವಿಲೀನಗೊಂಡವು. ಅರಮನೆಗೂ ಲಭ್ಯವಿಲ್ಲದಿದ್ದ ಔಷಧವು ಇಂದು ಅಗಸೂರಿನ ನಿವಾಸಿಗಳೂ ಸೇರಿದಂತೆ ಎಲ್ಲರಿಗೂ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಎಚ್.ಐ.ವಿ. ಸೋಂಕಿತರು ಈ ಸೌಲಭ್ಯವನ್ನು ವಿಶೇಷವಾಗಿ ಗಮನಿಸಬೇಕು. ಎಚ್.ಐ.ವಿ. ಸೋಂಕು ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುವುದರಿಂದ, ದೇಹದಲ್ಲಿ ಸುಪ್ತವಾಗಿರುವ ಕ್ಷಯದ ರೋಗಾಣುಗಳು ಪ್ರಬಲವಾಗುತ್ತವೆ. ಎಚ್.ಐ.ವಿ. ಸೋಂಕಿತರ ಮರಣಕ್ಕೆ ಕ್ಷಯವು ಪ್ರಮುಖ ಕಾರಣವಾಗಿದೆ. ಆದರೆ ಸೋಂಕಿತರಲ್ಲಿಯೂ ಕ್ಷಯವನ್ನು ಸಂಪೂರ್ಣ ಗುಣಪಡಿಸಬಹುದಾಗಿದೆ.

ಸಾರ್ವಜನಿಕರ ಗಮನಕ್ಕೆ:

1. ಎಚ್.ಐ.ವಿ. ಸೋಂಕಿತರಲ್ಲಿ ಕೆಮ್ಮು, ಜ್ವರ, ತೂಕ ಇಳಿಕೆ ಅಥವಾ ರಾತ್ರಿ ಬೆವರುವಿಕೆ ಕಂಡುಬಂದಲ್ಲಿ ತಡಮಾಡದೆ ಕ್ಷಯ ಪರೀಕ್ಷೆ ಮಾಡಿಸತಕ್ಕದ್ದು.
2. ಕ್ಷಯರೋಗಿಗಳೆಲ್ಲರೂ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.
3. ಕ್ಷಯವಿಲ್ಲವೆಂದು ಖಚಿತವಾದ ಎಚ್.ಐ.ವಿ. ಸೋಂಕಿತರು ವೈದ್ಯರ ಸಲಹೆಯಂತೆ ಕ್ಷಯ ತಡೆ ಚಿಕಿತ್ಸೆ ಪಡೆಯಬಹುದಾಗಿದೆ.
4. ಕ್ಷಯದ ಮಾತ್ರೆ ಹಾಗೂ ಎ.ಆರ್.ಟಿ. ಮಾತ್ರೆ ಎರಡನ್ನೂ ವೈದ್ಯರು ಸೂಚಿಸಿದ ಕ್ರಮದಲ್ಲಿ ಸೇವಿಸಬೇಕು. ಗುಣ ಕಂಡಿತೆಂದು ನಡುವೆ ನಿಲ್ಲಿಸಬಾರದು.
5. ನಿಕ್ಷಯ್ ಪೋಷಣ್ ಯೋಜನೆಯಡಿ ಕ್ಷಯರೋಗಿಗಳಿಗೆ ಚಿಕಿತ್ಸಾ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನೆರವು ನೀಡಲಾಗುತ್ತದೆ. ತಿಂಗಳಿಗೆ ರೂ. 500 ಇದ್ದ ಈ ಮೊತ್ತವನ್ನು 2024ರ ನವೆಂಬರ್‌ನಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದ್ದು, ಹಣವನ್ನು ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಲಾಗುತ್ತದೆ.
6. ಎಚ್.ಐ.ವಿ. ಪರೀಕ್ಷೆಯ ವಿವರವನ್ನು ಗೋಪ್ಯವಾಗಿಡಲು 2017ರ ಕಾಯ್ದೆಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಆದ್ದರಿಂದ ಪರೀಕ್ಷೆಗೆ ಹಿಂಜರಿಯಬೇಕಾಗಿಲ್ಲ.

ಅಗಸೂರು ಹಾಗೂ ಸುತ್ತಮುತ್ತಲಿನ ಗ್ರಾಮಸ್ಥರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಕೋಲಾ ತಾಲೂಕು ಆಸ್ಪತ್ರೆ ಅಥವಾ ಕಾರವಾರದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಿ ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.