ಬಣ್ಣದ ಬುಗುರಿಯ ಮ್ಯಾಕ್ಸ್‌ವೆಲ್

1861ರ ಮೇ 17, ಶುಕ್ರವಾರದ ಸಂಜೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸಭಾಂಗಣದಲ್ಲಿ ಮೂರು ಮ್ಯಾಜಿಕ್ ಲ್ಯಾಂಟರ್ನ್‌ಗಳು ಒಂದೇ ಪರದೆಯತ್ತ ಮುಖ ಮಾಡಿದ್ದವು. ಕೆಂಪು, ಹಸಿರು, ನೀಲಿ ಬೆಳಕುಗಳು ಒಂದರ ಮೇಲೊಂದು ಬಿದ್ದಾಗ ಮೂಡಿದ್ದು ಚೌಕಳಿ ರಿಬ್ಬನ್ನಿನ ಚಿತ್ರ, ಅದೂ ಬಣ್ಣದಲ್ಲಿ! ಪ್ರದರ್ಶನ ನೀಡುತ್ತಿದ್ದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಮ್ಯಾಕ್ಸ್‌ವೆಲ್ ಹುಟ್ಟಿದ್ದು 1831ರ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಎಂಟನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡ ಬಾಲಕ, ವಿಚಿತ್ರ ಉಡುಪು ತೊಟ್ಟು ಶಾಲೆಗೆ ಹೋದಾಗ ಸಹಪಾಠಿಗಳಿಂದ ಪೆದ್ದನೆಂಬ ಅಡ್ಡಹೆಸರು ಪಡೆದ.

ವಿದ್ಯುತ್ತು, ಕಾಂತತ್ವ ಹಾಗೂ ಬೆಳಕನ್ನು ಒಂದೇ ಸೂತ್ರದಲ್ಲಿ ಕಟ್ಟಿದವನೆಂದು ಜಗತ್ತು ಆತನನ್ನು ಬಲ್ಲದು. ಆದರೆ ಬಣ್ಣದ ಕುರಿತ ಆತನ ಕೆಲಸವೂ ಸಣ್ಣದಲ್ಲ. ಬುಗುರಿಯೊಂದರ ಮೇಲೆ ಕೆಂಪು, ಹಸಿರು, ನೀಲಿ ಕಾಗದದ ಬಿಲ್ಲೆಗಳನ್ನು ಒಂದರೊಳಗೊಂದು ತೂರಿಸಿ, ಪ್ರತಿ ಬಣ್ಣದ ಪಾಲನ್ನು ಹೆಚ್ಚು ಕಡಿಮೆ ಮಾಡುವಂತೆ ಜೋಡಿಸಿದ. ನಡುವಿನಲ್ಲಿ ಕಪ್ಪು ಬಿಳುಪಿನ ಸಣ್ಣ ಬಿಲ್ಲೆಗಳು. ಬುಗುರಿ ತಿರುಗಿದಾಗ ಹೊರಗಿನ ಬಣ್ಣಗಳೂ ಒಳಗಿನ ಬೂದು ಬಣ್ಣವೂ ಒಂದೇ ಆಗಿ ಕಾಣಬೇಕು. ಹೊಂದಿತೇ ಇಲ್ಲವೇ ಎಂದು ಹೇಳಬೇಕಾದವರು ನೋಡುಗರು. ವರ್ಣಾಂಧರನ್ನೂ ಕರೆದು ಕೂರಿಸಿ ಕೇಳಿದ. ಅವರಿಗೆ ಎರಡೇ ಬಣ್ಣ ಸಾಕಾಗುತ್ತಿದ್ದವು. ನೋಡುಗನೇ ಉಪಕರಣದ ಭಾಗವಾಗುವ ಇಂದಿನ ವಿಜ್ಞಾನ ಮಳಿಗೆಗಳಿಗೆ ಇದಕ್ಕಿಂತ ಒಳ್ಳೆಯ ಪೂರ್ವಜ ಸಿಗಲಾರ.

ಲಂಡನ್ನಿನ ಮನೆಯ ಅಟ್ಟದಲ್ಲಿ ಸುಮಾರು ಎಂಟು ಅಡಿ ಉದ್ದದ ಕಪ್ಪು ಪೆಟ್ಟಿಗೆಯನ್ನಿಟ್ಟುಕೊಂಡು ಬೆಳಕಿನ ರೋಹಿತವನ್ನು ಅಳೆಯುತ್ತಿದ್ದ. ಶವಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಇಣುಕುವ ಹುಚ್ಚನೆಂದು ನೆರೆಹೊರೆಯವರು ಭಾವಿಸಿದ್ದರಂತೆ. ಪತ್ನಿ ಕ್ಯಾಥರೀನ್ ಕೂಡ ಅದರಲ್ಲಿ ನೋಡಿ ಅಳತೆಗಳನ್ನು ಕೊಟ್ಟವಳು.

ರಿಬ್ಬನ್ನಿನ ಛಾಯಾಚಿತ್ರಗಳನ್ನು ತೆಗೆದವನು ಥಾಮಸ್ ಸಟನ್. ಬಣ್ಣದ ದ್ರಾವಣಗಳ ಮೂಲಕ ಒಂದೊಂದು ಬೆಳಕನ್ನೇ ಬಿಟ್ಟು, ಬೇರೆ ಬೇರೆ ಫಲಕಗಳಲ್ಲಿ ಸೆರೆಹಿಡಿದ. ಫಲಿತಾಂಶ ಪರಿಪೂರ್ಣವಾಗಿರಲಿಲ್ಲ. ಕೆಂಪು, ಹಸಿರು ಸರಿಯಾಗಿ ಮೂಡಿಲ್ಲವೆಂದು ಮ್ಯಾಕ್ಸ್‌ವೆಲ್ ತಾನೇ ಒಪ್ಪಿಕೊಂಡ. ಸಭೆಯ ಮುಂದೆ ಅರೆಬರೆ ಗೆಲುವನ್ನು ಗೆಲುವೆಂದು ಹೇಳಿಕೊಳ್ಳದಿರುವುದು ಸುಲಭವಲ್ಲ.

ಮುಂದೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯವನ್ನು ಕಟ್ಟಿ ನಿಲ್ಲಿಸಿದ ಆತ, 1879ರ ನವೆಂಬರ್ 5ರಂದು ಉದರದ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 48.

ಒಂದು ಒಗಟು ಮಾತ್ರ ಉಳಿದಿತ್ತು. ಅಂದಿನ ಫಲಕಗಳು ಕೆಂಪು ಬೆಳಕಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಹಾಗಾದರೆ ಕೆಂಪು ಮೂಡಿದ್ದು ಹೇಗೆ? ನೂರು ವರ್ಷಗಳ ಬಳಿಕ, 1961ರಲ್ಲಿ, ಕೊಡಾಕ್ ಸಂಸ್ಥೆಯ ಸಂಶೋಧಕರು ಉತ್ತರ ಕಂಡರು. ರಿಬ್ಬನ್ನಿನ ಕೆಂಪು ಭಾಗ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು. ಕೆಂಪು ದ್ರಾವಣ ಅವುಗಳನ್ನು ತಡೆಯಲಿಲ್ಲ. ಫಲಕ ದಾಖಲಿಸಿದ್ದು ಅವುಗಳನ್ನೇ. ಅಂದು ಅರಿವಿಲ್ಲದೆ ಆದದ್ದನ್ನು ಬಹುರೋಹಿತ ಕ್ಯಾಮೆರಾಗಳು ಈಗ ಬೇಕೆಂದೇ ಮಾಡುತ್ತವೆ. ಪ್ರಾರ್ಥನಾ ಪುಸ್ತಕವೊಂದರ ಅಕ್ಷರಗಳ ಅಡಿಯಲ್ಲಿ ಅಳಿಸಿಹೋಗಿದ್ದ ಆರ್ಕಿಮಿಡೀಸನ ಬರಹವನ್ನು ಓದಲು ವಿದ್ವಾಂಸರಿಗೆ ನೆರವಾದ ವಿಧಾನಗಳಲ್ಲಿ ಇದೂ ಒಂದು.