ಮೊರಿಟ್ಸ್ ಶ್ಲಿಕ್ ಮತ್ತು ತಾರ್ಕಿಕ ಪ್ರತ್ಯಕ್ಷವಾದ

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ತತ್ತ್ವಚಿಂತನೆಯಲ್ಲಿ ಲಾಜಿಕಲ್ ಪಾಸಿಟಿವಿಸಂ ಎಂದು ಪ್ರಸಿದ್ಧವಾದ ತಾರ್ಕಿಕ ಪ್ರತ್ಯಕ್ಷವಾದದಷ್ಟು ಆತ್ಮವಿಶ್ವಾಸದಿಂದ ಹೊರಟ ಪಂಥಗಳು ವಿರಳ. ತಾನೇ ರೂಪಿಸಿದ ಮಾನದಂಡದಿಂದ ಅದರಷ್ಟು ಕಠಿಣವಾದ ಪರೀಕ್ಷೆಗೆ ಒಳಗಾದ ಪಂಥಗಳೂ ವಿರಳ. ಈ ವಾದದ ನೆಲೆ ವಿಯೆನ್ನಾ ವೃತ್ತ. ಆ ವೃತ್ತದ ಕೇಂದ್ರಬಿಂದು ಮೊರಿಟ್ಸ್ ಶ್ಲಿಕ್. ಈ ವಾದವು ಎದುರಿಸಿದ ಆಕ್ಷೇಪಗಳಲ್ಲಿ ಹಲವು ಮೊದಲು ಕೇಳಿಬಂದುದು ಅವನ ಸುತ್ತಲಿನವರಿಂದಲೇ. ಅವುಗಳಿಗೆ ಕಿವಿಗೊಡುವುದನ್ನು ಅವನು ಚಿಂತನೆಯ ಧರ್ಮವೆಂದೇ ಭಾವಿಸಿದ್ದನು.

ಶ್ಲಿಕ್ ಹುಟ್ಟಿದ್ದು 1882ರ ಏಪ್ರಿಲ್ 14ರಂದು, ಬರ್ಲಿನ್ನಿನಲ್ಲಿ. ಅವನು ಮೊದಲು ಅಭ್ಯಾಸ ಮಾಡಿದ್ದು ತತ್ತ್ವಶಾಸ್ತ್ರವನ್ನಲ್ಲ, ಭೌತವಿಜ್ಞಾನವನ್ನು. ಮ್ಯಾಕ್ಸ್ ಪ್ಲಾಂಕ್‌ನ ಮಾರ್ಗದರ್ಶನದಲ್ಲಿ ಬೆಳಕಿನ ಪ್ರತಿಫಲನವನ್ನು ಕುರಿತು ಪ್ರಬಂಧ ರಚಿಸಿ 1904ರಲ್ಲಿ ಡಾಕ್ಟರೇಟ್ ಪಡೆದನು. 1911ರಿಂದ ಒಂದು ದಶಕ ಕಾಲ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದನು. ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತದ ತಾತ್ತ್ವಿಕ ಮಹತ್ತ್ವವನ್ನು ಮೊದಲಿಗೆ ಗ್ರಹಿಸಿದ ದಾರ್ಶನಿಕರಲ್ಲಿ ಅವನೂ ಒಬ್ಬ. 1915ರಲ್ಲಿ ಅವನು ಬರೆದ ಲೇಖನವನ್ನು ಸ್ವತಃ ಐನ್‌ಸ್ಟೈನನೇ ಮೆಚ್ಚಿಕೊಂಡನು. 1918ರಲ್ಲಿ ಪ್ರಕಟವಾದ ಸಾಮಾನ್ಯ ಜ್ಞಾನಮೀಮಾಂಸೆ ಎಂಬ ಗ್ರಂಥದಿಂದ ಅವನ ಕೀರ್ತಿ ಸ್ಥಿರವಾಯಿತು.

1922ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯವು ಅವನನ್ನು ಪ್ರಾಧ್ಯಾಪಕ ಪೀಠಕ್ಕೆ ಆಹ್ವಾನಿಸಿತು. ಹಿಂದೆ ಅರ್ನ್‌ಸ್ಟ್ ಮಾಖ್ ಅಲಂಕರಿಸಿದ್ದ ಪೀಠವದು. 1924ರಿಂದ ಗುರುವಾರದ ಸಂಜೆಗಳಲ್ಲಿ ಗಣಿತಜ್ಞ ಹಾನ್, ಸಮಾಜಶಾಸ್ತ್ರಜ್ಞ ನಾಯ್‌ರಾಟ್, ಯುವಕರಾದ ಫೈಗಲ್ ಮತ್ತು ವೈಸ್‌ಮನ್ ಮೊದಲಾದವರು ಅವನೊಡನೆ ಚರ್ಚೆಗೆ ಸೇರತೊಡಗಿದರು. 1926ರಲ್ಲಿ ಕಾರ್ನಾಪ್ ಬಂದು ಸೇರಿದನು. ತರುಣ ಗಣಿತಜ್ಞ ಗೋಡೆಲ್ ಕೂಡ ಈ ಗೋಷ್ಠಿಯಲ್ಲಿ ಕುಳಿತಿರುತ್ತಿದ್ದನು. ಶ್ಲಿಕ್ ಅಮೆರಿಕದಲ್ಲಿದ್ದ 1929ರಲ್ಲಿ ಅವನ ಸಹಚರರು ವೃತ್ತದ ಪ್ರಣಾಳಿಕೆಯೊಂದನ್ನು ಸಿದ್ಧಪಡಿಸಿ ಅವನಿಗೇ ಅರ್ಪಿಸಿದರು. ಅದರ ಘೋಷಣೆಯ ಧಾಟಿ ಅವನಿಗೆ ಹಿತವೆನಿಸಲಿಲ್ಲ. ತತ್ತ್ವಶಾಸ್ತ್ರವು ಪಕ್ಷ ಕಟ್ಟುವ ಕಾರ್ಯವಲ್ಲ, ಅರ್ಥವನ್ನು ಸ್ಪಷ್ಟಗೊಳಿಸುವ ಕಾರ್ಯ ಎಂಬುದು ಅವನ ನಿಲುವು.

ಈ ನಿಲುವನ್ನು ಗಟ್ಟಿಗೊಳಿಸಿದವನು ವಿಟ್‌ಗೆನ್‌ಸ್ಟೈನ್. 1927ರಲ್ಲಿ ಆರಂಭವಾದ ಅವರ ಪರಿಚಯದ ತರುವಾಯ ಸತ್ಯಾಪನ ತತ್ತ್ವವು ವೃತ್ತದ ಮುಖ್ಯ ಸಿದ್ಧಾಂತವಾಯಿತು. ಅದರಂತೆ ಅರ್ಥವುಳ್ಳ ಹೇಳಿಕೆಗಳು ಎರಡೇ ಬಗೆ: ತರ್ಕ ಮತ್ತು ಗಣಿತಗಳಂತೆ ಪದಗಳ ಅರ್ಥದಿಂದಲೇ ಸತ್ಯವಾಗುವ ವಿಶ್ಲೇಷಕ ವಾಕ್ಯಗಳು ಒಂದು ಬಗೆ, ಅನುಭವದಿಂದ ಪರಿಶೀಲಿಸಬಹುದಾದ ವಾಕ್ಯಗಳು ಇನ್ನೊಂದು ಬಗೆ. ಇವೆರಡಕ್ಕೂ ಸೇರದ ತತ್ತ್ವಮೀಮಾಂಸೆಯ ಹೇಳಿಕೆ ಸುಳ್ಳೂ ಅಲ್ಲ, ಅದು ಅರ್ಥಶೂನ್ಯ. ಆದರೆ ಪರಿಶೀಲನೆ ಇಂದೇ ಕೈಗೂಡಬೇಕೆಂದು ಶ್ಲಿಕ್ ಕೇಳಲಿಲ್ಲ. ಚಂದ್ರನ ಮರೆಯ ಮುಖದಲ್ಲಿ ಪರ್ವತವಿದೆಯೆಂಬ ಮಾತು ಅಂದು ಪರೀಕ್ಷೆಗೆ ನಿಲುಕದ್ದಾದರೂ ತತ್ತ್ವತಃ ಪರಿಶೀಲ್ಯವಾದುದರಿಂದ ಅರ್ಥಪೂರ್ಣವೆಂದು 1932ರಲ್ಲಿ ಅವನು ವಾದಿಸಿದನು. ಆ ಮುಖದ ಛಾಯಾಚಿತ್ರ ಮನುಷ್ಯನಿಗೆ ಮೊದಲು ದೊರೆತದ್ದು 1959ರಲ್ಲಿ.

ಆಕ್ಷೇಪಗಳು ಬಹುಬೇಗ ಎದ್ದವು. ಮೊದಲನೆಯದು ವಿಜ್ಞಾನದ ನಿಯಮಗಳನ್ನೇ ಕುರಿತದ್ದು. ಎಲ್ಲ ಲೋಹಗಳೂ ಕಾಯಿಸಿದಾಗ ಹಿಗ್ಗುತ್ತವೆ ಎಂಬ ಸಾರ್ವತ್ರಿಕ ವಾಕ್ಯವನ್ನು ಎಷ್ಟು ಉದಾಹರಣೆಗಳೂ ಪೂರ್ಣವಾಗಿ ಸಾಬೀತುಗೊಳಿಸಲಾರವು. ಹಾಗಾದರೆ ತತ್ತ್ವಮೀಮಾಂಸೆಯೊಡನೆ ವಿಜ್ಞಾನವೂ ಅರ್ಥಶೂನ್ಯವಾಗಬೇಕಾಗುತ್ತದೆ. ವ್ಯಾಪ್ತಿಜ್ಞಾನವನ್ನು ಕುರಿತು ಚಾರ್ವಾಕರು ಎತ್ತಿದ ಪ್ರಶ್ನೆಯನ್ನು ಬಲ್ಲವರಿಗೆ ಈ ತೊಡಕು ಹೊಸತಲ್ಲ. ನಿಯಮಗಳು ಹೇಳಿಕೆಗಳೇ ಅಲ್ಲ, ಹೇಳಿಕೆಗಳನ್ನು ರಚಿಸುವ ಸೂತ್ರಗಳು ಎಂದು ಶ್ಲಿಕ್ ಸಮಾಧಾನ ನೀಡಿದನು. ಕಾರ್ಲ್ ಪಾಪರ್ ಇದನ್ನು ಒಪ್ಪಲಿಲ್ಲ. ವಿಜ್ಞಾನದ ಲಕ್ಷಣವೆಂದರೆ ಸತ್ಯವೆಂದು ಸಾಧಿಸಲು ಬರುವುದಲ್ಲ, ಸುಳ್ಳೆಂದು ತೋರಿಸಲು ಅವಕಾಶವಿರುವುದು ಎಂಬುದು ಅವನ ವಾದ. ಈ ಖಂಡನೆಯನ್ನೊಳಗೊಂಡ ಪಾಪರ್‌ನ ಗ್ರಂಥ 1934ರಲ್ಲಿ ಪ್ರಕಟವಾದದ್ದು ಶ್ಲಿಕ್ ಸಹಸಂಪಾದಕನಾಗಿದ್ದ ಮಾಲೆಯಲ್ಲಿಯೇ ಎಂಬುದು ಗಮನಾರ್ಹ.

ಎರಡನೆಯ ಆಕ್ಷೇಪ ವೃತ್ತದ ಒಳಗಿನದು. ಪ್ರತ್ಯಕ್ಷಾನುಭವದ ಕ್ಷಣದಲ್ಲಿ ಸಂದೇಹಕ್ಕೆಡೆಯಿಲ್ಲದ ತಳಹದಿ ದೊರೆಯುತ್ತದೆಂದು ಶ್ಲಿಕ್ ನಂಬಿದ್ದನು. ಅಂಥ ತಳಹದಿ ಯಾವುದೂ ಇಲ್ಲ, ವೀಕ್ಷಣೆಯ ವಾಕ್ಯವನ್ನೂ ತಿದ್ದಬಹುದು ಎಂದು ನಾಯ್‌ರಾಟ್ ಪ್ರತಿಪಾದಿಸಿದನು. ಮೂರನೆಯದು ಎಲ್ಲಕ್ಕಿಂತ ತೀಕ್ಷ್ಣವಾದದ್ದು: ಸತ್ಯಾಪನ ತತ್ತ್ವವೇ ವಿಶ್ಲೇಷಕವೂ ಅಲ್ಲ, ಅನುಭವದಿಂದ ಪರಿಶೀಲ್ಯವೂ ಅಲ್ಲ, ತನ್ನ ಅಳತೆಗೆ ತಾನೇ ನಿಲ್ಲದ ತತ್ತ್ವವನ್ನು ಒಪ್ಪುವುದೆಂತು? ಅದು ಹೊಸ ಸಿದ್ಧಾಂತವಲ್ಲ, ದಿನಬಳಕೆಯಲ್ಲಿಯೂ ವಿಜ್ಞಾನದಲ್ಲಿಯೂ ಅರ್ಥವನ್ನು ನಿರ್ಣಯಿಸುವ ಕ್ರಮದ ನಿರೂಪಣೆ ಮಾತ್ರ ಎಂಬ ಶ್ಲಿಕ್‌ನ ಉತ್ತರ ಎಲ್ಲರನ್ನೂ ಒಪ್ಪಿಸಲಿಲ್ಲ. ಸಾಹಿತ್ಯದ ಅಭ್ಯಾಸಿಗಳಿಗೆ ಮತ್ತೊಂದು ಸಂಶಯವೂ ಸಹಜ. ಕಾವ್ಯಕ್ಕೆ ಭಾವದ ಬೆಲೆಯನ್ನು ಕೊಟ್ಟು ಜ್ಞಾನದ ಬೆಲೆಯನ್ನು ನಿರಾಕರಿಸಿದ ಈ ವಾದ, ಅಭಿಧೆಯಾಚೆಗೆ ಲಕ್ಷಣೆ ವ್ಯಂಜನೆಗಳನ್ನೂ ಶಬ್ದಶಕ್ತಿಗಳೆಂದು ಗಣಿಸಿದ ಅಲಂಕಾರಶಾಸ್ತ್ರದ ದೃಷ್ಟಿಗೆ ಸಂಕುಚಿತವಾಗಿ ತೋರುತ್ತದೆ.

ಶ್ಲಿಕ್‌ನ ಮೇಲೆರಗಿದ ವಿರೋಧವೆಲ್ಲ ವಾದದ ರೂಪದಲ್ಲಿರಲಿಲ್ಲ. ಅವನು ಅಧ್ಯಕ್ಷನಾಗಿದ್ದ ಅರ್ನ್‌ಸ್ಟ್ ಮಾಖ್ ಸಂಘವನ್ನು ಆಸ್ಟ್ರಿಯದ ಸರ್ವಾಧಿಕಾರಿ ಸರ್ಕಾರ 1934ರಲ್ಲಿ ಮುಚ್ಚಿಸಿತು. ಅವನ ಪ್ರತಿಭಟನೆ ಫಲಿಸಲಿಲ್ಲ. 1936ರ ಜೂನ್ 22ರ ಬೆಳಿಗ್ಗೆ, ಉಪನ್ಯಾಸಕ್ಕೆಂದು ವಿಶ್ವವಿದ್ಯಾಲಯದ ಮೆಟ್ಟಿಲೇರುತ್ತಿದ್ದ ಅವನನ್ನು ಹಳೆಯ ವಿದ್ಯಾರ್ಥಿ ಯೋಹಾನ್ ನೆಲ್‌ಬಕ್ ಗುಂಡಿಕ್ಕಿ ಕೊಂದನು. ಮನೋವಿಕಾರಕ್ಕೆ ಚಿಕಿತ್ಸೆ ಪಡೆದಿದ್ದ ಆತ ಹಿಂದೆಯೇ ಬೆದರಿಕೆ ಹಾಕಿದ್ದನು. ಆದರೆ ಪತ್ರಿಕೆಗಳ ಒಂದು ವರ್ಗ ಹತನ ಬೋಧನೆಯನ್ನೇ ಕೊಲೆಗೆ ಹೊಣೆಯಾಗಿಸಿತು. ಯೆಹೂದ್ಯನಲ್ಲದ ಶ್ಲಿಕ್‌ನನ್ನು ಯೆಹೂದಿ ಚಿಂತನೆಯ ಪ್ರತಿನಿಧಿಯೆಂದು ಜರೆಯಿತು. ಹತ್ತು ವರ್ಷಗಳ ಶಿಕ್ಷೆಗೆ ಗುರಿಯಾದ ಕೊಲೆಗಾರ, ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡ 1938ರಲ್ಲಿಯೇ ಬಿಡುಗಡೆ ಹೊಂದಿದನು.

ವೃತ್ತದವರು ಚದರಿ ಹೋದರು. 1951ರಲ್ಲಿ ಅಮೆರಿಕದ ಕ್ವೈನ್, ವಿಶ್ಲೇಷಕ ಸಂಶ್ಲೇಷಕ ಎಂಬ ವಿಭಜನೆಯನ್ನೇ ಪ್ರಶ್ನಿಸಿ, ಬಿಡಿ ವಾಕ್ಯಗಳಲ್ಲ, ನಂಬಿಕೆಗಳ ಇಡೀ ಜಾಲವೇ ಅನುಭವವನ್ನು ಎದುರಿಸುತ್ತದೆಂದು ತೋರಿಸಲು ಯತ್ನಿಸಿದನು. ಆ ಬಳಿಕ ಸತ್ಯಾಪನ ತತ್ತ್ವವು ಮೂಲರೂಪದಲ್ಲಿ ಚೇತರಿಸಿಕೊಳ್ಳಲಿಲ್ಲ. ಆದರೂ ಆಕ್ಷೇಪಗಳಿಂದ ಸೋತ ಸಿದ್ಧಾಂತವನ್ನೂ ಗುಂಡಿನಿಂದ ನಿಂತುಹೋದ ಬದುಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪಾಪರ್, ನಾಯ್‌ರಾಟ್, ಕ್ವೈನ್ ಇವರ ಖಂಡನೆಗಳು ಶ್ಲಿಕ್ ಬಯಸಿದ ಮಾರ್ಗದಲ್ಲಿಯೇ, ಕಾರಣಗಳನ್ನು ಮುಂದಿಟ್ಟು, ನಡೆದವು. ಅವನ ಸಾವಿನ ಮೇಲೆ ಕಟ್ಟಿದ ಅಪಪ್ರಚಾರಕ್ಕೆ ಆಧಾರ ಬೇಕಿರಲಿಲ್ಲ. ಯಾವುದೇ ಮಾತನ್ನು ಕೇಳಿದಾಗ, ಅದು ನಿಜವಾಗಿದ್ದರೆ ಅನುಭವದಲ್ಲಿ ಏನು ವ್ಯತ್ಯಾಸವಾಗುತ್ತಿತ್ತು ಎಂದು ವಿಚಾರಿಸುವ ಅಭ್ಯಾಸವನ್ನು ಶ್ಲಿಕ್ ತನ್ನ ವಿದ್ಯಾರ್ಥಿಗಳಲ್ಲಿ ಬೆಳೆಸಿದನು. ಅವನ ಸಿದ್ಧಾಂತ ಬಿದ್ದ ಮೇಲೂ ಆ ಪ್ರಶ್ನೆಯ ಅಗತ್ಯ ತೀರಿಲ್ಲ.