ಹಿಂದಕ್ಕೆಳೆಯುವ ನಕ್ಷತ್ರಗಳು: ಎಸ್. ಚಂದ್ರಶೇಖರ್

ವಿಜ್ಞಾನದ ಹುಡುಗರೂ ಏನಾದರೂ ಬರೀರಿ ಅಂತ ನಮ್ಮ ಸಂಘದ ಸಂಪಾದಕರು ಗಂಟುಬಿದ್ದರು. ಚೆನ್ನೈಯಲ್ಲಿದ್ದುಕೊಂಡು ಬರೆಯುವುದಾದರೆ ನನಗೆ ಚಂದ್ರಶೇಖರ್ ಅವರೇ ಸರಿ. ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿನ ಕೆಂಪು ಕಟ್ಟಡ ದಾಟುವಾಗಲೆಲ್ಲ ಅವರ ನೆನಪಾಗುತ್ತೆ.

ಹುಟ್ಟಿದ್ದು 1910ರಲ್ಲಿ, ಲಾಹೋರಿನಲ್ಲಿ, ಓದಿದ್ದು ಇಲ್ಲಿ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ ಇವರ ಚಿಕ್ಕಪ್ಪ. 1930ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದಾಗ ವಯಸ್ಸು ಹತ್ತೊಂಬತ್ತು. ಮುದಿ ನಕ್ಷತ್ರವೊಂದು ಶ್ವೇತಕುಬ್ಜವಾಗಿ ಉಳಿಯಬೇಕಾದರೆ ಅದರ ರಾಶಿಗೆ ಒಂದು ಮಿತಿ ಉಂಟು, ಮೀರಿದರೆ ಕುಸಿಯಲೇಬೇಕು ಅಂತ ದಾರಿಯಲ್ಲೇ ಲೆಕ್ಕ ಹಾಕಿದರು. ಈಗ ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು ಎನ್ನುತ್ತಾರೆ. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಅದನ್ನು ಮಂಡಿಸಿದರೆ, ಹಿರಿಯರಾದ ಎಡಿಂಗ್ಟನ್ ಎದ್ದುನಿಂತು ಎಲ್ಲರೆದುರು ಗೇಲಿ ಮಾಡಿಬಿಟ್ಟರು.

ನಾವಾಗಿದ್ದರೆ? ಟೆಸ್ಟಿನಲ್ಲಿ ನಾಲ್ಕು ಮಾರ್ಕು ಹೋದರೇ ನನಗೆ ಊಟ ಸೇರೋದಿಲ್ಲ. ಅವರು ಜಗಳ ಬೆಳೆಸಲಿಲ್ಲ. 1937ರಲ್ಲಿ ಅಮೆರಿಕದ ಯರ್ಕ್ಸ್ ವೀಕ್ಷಣಾಲಯ ಸೇರಿದರು. 1939ರಲ್ಲಿ ನಕ್ಷತ್ರಗಳ ಒಳರಚನೆಯ ಬಗ್ಗೆ ತಿಳಿದಿದ್ದನ್ನೆಲ್ಲ ಪುಸ್ತಕ ಮಾಡಿಟ್ಟು, ಹೊಸ ವಿಷಯ ಹಿಡಿದರು: ಗುಂಪುಗೂಡಿದ ನಕ್ಷತ್ರಗಳ ಓಡಾಟ.

1943ರಲ್ಲಿ ಸಿಕ್ಕಿದ್ದು ಡೈನಾಮಿಕಲ್ ಫ್ರಿಕ್ಷನ್. ಜಾತ್ರೆಯಲ್ಲಿ ದೊಡ್ಡ ಮನುಷ್ಯ ನಡೆದರೆ ಜನ ಅವನ ಬೆನ್ನ ಹಿಂದೆ ಕೂಡಿಕೊಂಡು ಶಾಲು ಹಿಡಿದೆಳೆದ ಹಾಗೆ. ಭಾರವಾದದ್ದೊಂದು ನಕ್ಷತ್ರಗಳ ನಡುವೆ ಸಾಗಿದರೆ ಅವು ಅದರ ಹಿಂದೆ ಒತ್ತಾಗಿ ಹಿಂದಕ್ಕೆಳೆಯುತ್ತವೆ. ವೇಗ ಕಳೆದುಕೊಂಡದ್ದು ಕೇಂದ್ರದತ್ತ ಇಳಿಯುತ್ತೆ.

ಆಕಾಶಗಂಗೆಯ ಕೇಂದ್ರ ಇಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ. ನಡುವಿನ ಧೂಳು ಕಣ್ಣಿಗೆ ಕಾಣುವ ಬೆಳಕನ್ನು ನುಂಗಿಬಿಡುತ್ತೆ, ಅವಕೆಂಪು ಕಿರಣ ದಾಟಿ ಬರುತ್ತೆ. ಆ ಕಿರಣದಲ್ಲೇ ಆರ್ಚಸ್, ಕ್ವಿಂಟುಪ್ಲೆಟ್ ಎಂಬ ಎಳೆಯ ತಾರಾಗುಚ್ಛಗಳು 1990ರ ದಶಕದಲ್ಲಿ ಗುರುತಾದವು. ವಯಸ್ಸು ಕೆಲವೇ ದಶಲಕ್ಷ ವರ್ಷ. ಇನ್ನೂ ಒಳಗೆ, ಕಪ್ಪುರಂಧ್ರದ ಪಕ್ಕದಲ್ಲೇ ಎಳೆಯ ನಕ್ಷತ್ರಗಳಿವೆ. ಅಲ್ಲಿನ ಸೆಳೆತಕ್ಕೆ ಮಾಮೂಲಿ ಅನಿಲಮೋಡ ಹರಿದುಹೋಗುತ್ತೆ. ಮತ್ತೆ ಇವು ಬಂದಿದ್ದೆಲ್ಲಿಂದ? ಹೊರಗೆ ಹುಟ್ಟಿದ ಗುಚ್ಛ ಒಳಕ್ಕಿಳಿಯಿತೇ? ಇದನ್ನು ತೂಗಿ ನೋಡಲು ಬೇಕಾದದ್ದು ಆ 1943ರ ಸೂತ್ರವೇ. ಹಾಕಿ ನೋಡಿದರೆ, ಸೂರ್ಯನ ಹತ್ತು ಸಾವಿರ ಪಟ್ಟು ತೂಗುವ ಆರ್ಚಸ್‌ನಂಥದ್ದೂ ಸಾಲದು. ತಲುಪುವ ಮುಂಚೆಯೇ ಚೆದುರಿಹೋಗುತ್ತೆ. ಹಾಗಾಗಿ ಕಪ್ಪುರಂಧ್ರವನ್ನು ಸುತ್ತುವ ಅನಿಲದ ತಟ್ಟೆಯಲ್ಲೇ ಅವು ಹುಟ್ಟಿರಬೇಕೆಂದು ಹೆಚ್ಚಿನವರ ಒಲವು.

ನಕ್ಷತ್ರಗಳ ರಚನೆ ಮತ್ತು ವಿಕಾಸದ ಸೈದ್ಧಾಂತಿಕ ಅಧ್ಯಯನಕ್ಕೆ ಸಂದ ಮನ್ನಣೆಯಾಗಿ ನೊಬೆಲ್ ಬಂದಿದ್ದು 1983ರಲ್ಲಿ. 1995ರಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ನನಗೆ ಮಾತ್ರ ಆ ನೊಬೆಲ್ಲಿಗಿಂತ, ನಗೆಪಾಟಲಾದ ಮೇಲೂ ಹೊಸ ಹಾಳೆ ತೆಗೆದು ಕೂತ ಆ ದಿನಗಳೇ ದೊಡ್ಡವು ಅನ್ನಿಸುತ್ತೆ. ಮುಂದಿನ ಟೆಸ್ಟಿನ ಫಲಿತಾಂಶ ಬಂದ ದಿನ ಇದನ್ನು ನಾನೇ ಇನ್ನೊಮ್ಮೆ ಓದಿಕೊಳ್ಳಬೇಕು.